ಸದ್ದಿಲ್ಲದ ಆಟವನ್ನು ಬಿಡಿಸಿ ನೋಡುವುದು ಹೇಗೆ?

ಚದುರಂಗದ ದೊಡ್ಡ ಆಟವೊಂದನ್ನು ಮೊಬೈಲ್‌ನಲ್ಲಿ ತೆರೆದು ಎರಡು ನಿಮಿಷದಲ್ಲಿ ಕೊನೆಯ ನಡೆಯವರೆಗೆ ಒತ್ತಿಕೊಂಡು ಹೋಗುವುದು, ಯಾರ ಕೈ ಮೇಲು ಎಂದು ಕಂಪ್ಯೂಟರ್ ಲೆಕ್ಕದಿಂದ ತೋರಿಸುವ ಪಕ್ಕದ ಪಟ್ಟಿ ಎಲ್ಲಿ ಕುಸಿಯಿತೋ ಅಲ್ಲಿ ‘ತಪ್ಪು’ ಎಂದು ಬೆರಳಿಡುವುದು ಈಗ ಮಕ್ಕಳಲ್ಲಿ ರೂಢಿಯಾಗಿದೆ. 2024ರ ಡಿಸೆಂಬರ್‌ನಲ್ಲಿ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದ ಮೇಲೆ ವಿರಾಜಪೇಟೆಯಲ್ಲಿ ನನ್ನ ಬಳಿ ಕಲಿಯಲು ಬರುವವರ ಉತ್ಸಾಹ ಏರಿದೆ. ಅದು ನನಗೆ ನಿಜವಾಗಿ ಸಂತೋಷ ಕೊಡುತ್ತದೆ. ಆದರೆ ಆ ಉತ್ಸಾಹವೆಲ್ಲ ಬಲಿದಾನ, ಚೆಕ್, ಚೆಕ್‌ಮೇಟ್‌ಗಳ ಕಡೆಗೇ ಓಡುತ್ತದೆ. ಸೌಮ್ಯವಾಗಿ ಆರಂಭವಾಗುವ ಹಳೆಯ ಶೈಲಿಯ ಆಟವನ್ನು ಮುಂದಿಟ್ಟರೆ ‘ಸರ್, ಇದರಲ್ಲಿ ಏನೂ ನಡೆಯುವುದೇ ಇಲ್ಲವಲ್ಲ’ ಎನ್ನುತ್ತಾರೆ.

ನಡೆಯುತ್ತದೆ, ಕಣ್ಣಿಗೆ ಬೇಗ ಕಾಣುವುದಿಲ್ಲ ಅಷ್ಟೆ. ಹಾಕಿ ನೋಡಿ ಬೆಳೆದ ಕೊಡಗಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಗೋಲು ಹೊಡೆದವನಿಗಿಂತ ಮೊದಲು, ಚೆಂಡಿಲ್ಲದೆಯೇ ಸರಿಯಾದ ಜಾಗಕ್ಕೆ ಓಡಿ ನಿಂತವನನ್ನು ಗುರುತಿಸುವವನೇ ಆಟ ಬಲ್ಲವನು. ಚದುರಂಗದ ಸೌಮ್ಯ ಆಟವನ್ನೂ ಅದೇ ಕಣ್ಣಿನಿಂದ ನೋಡಬೇಕು.

ಇದಕ್ಕೆ ನಮ್ಮ ಮಳೆಗಾಲ ಒಳ್ಳೆಯ ಸಮಯ. ಕಕ್ಕಡ ತಿಂಗಳಲ್ಲಿ ಜಿಲ್ಲಾಡಳಿತ ಶಾಲೆಗಳಿಗೆ ಮಳೆ ರಜೆ ಕೊಡುತ್ತದೆ. ಮರ ಬಿದ್ದು ತಂತಿ ಹರಿದು ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಇಂಟರ್‌ನೆಟ್ಟೂ ಹೋಗುತ್ತದೆ. ಮನೆಯಲ್ಲಿ ಮರದ ಅಥವಾ ಪ್ಲಾಸ್ಟಿಕ್ಕಿನ ಬೋರ್ಡು, ಒಂದು ನೋಟ್‌ಬುಕ್, ಪೆನ್ಸಿಲ್, ಪೆನ್ನು, ಒಂದು ಪೋಸ್ಟ್‌ಕಾರ್ಡು ಇದ್ದರೆ ಸಾಕು. ಕಂಪ್ಯೂಟರಿನ ಪಾಳಿ ಕೊನೆಗೆ ಬರುತ್ತದೆ, ಅಲ್ಲಿಯವರೆಗೆ ಅದು ಬೇಡ.

ಯಾವ ಆಟ?

ಉದಾಹರಣೆಗೆ 1972ರ ವಿಶ್ವ ಚಾಂಪಿಯನ್‌ಷಿಪ್‌ನ ಆರನೆಯ ಆಟವನ್ನು ಆರಿಸಿಕೊಂಡಿದ್ದೇನೆ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಆ ವರ್ಷದ ಜುಲೈ 23ರಂದು ನಡೆದದ್ದು. ಬಿಳಿ ಕಾಯಿಗಳಲ್ಲಿ ಅಮೆರಿಕದ ಬಾಬಿ ಫಿಷರ್, ಕಪ್ಪು ಕಾಯಿಗಳಲ್ಲಿ ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿ. ಸಾಮಾನ್ಯವಾಗಿ ರಾಜನ ಮುಂದಿನ ಕಾಲಾಳನ್ನು ನೂಕಿಯೇ ಆಟ ಆರಂಭಿಸುತ್ತಿದ್ದ ಫಿಷರ್ ಅಂದು ಸಿ4 ಆಡಿದರು. ಆಟ ‘ಕ್ವೀನ್ಸ್ ಗ್ಯಾಂಬಿಟ್ ನಿರಾಕರಣೆ’ ಎಂಬ ಓಪನಿಂಗ್‌ನೊಳಗೆ (ಆರಂಭದ ನಡೆಗಳ ಕ್ರಮ), ಅದರಲ್ಲೂ ಸ್ಪಾಸ್ಕಿಗೆ ಚೆನ್ನಾಗಿ ಪಳಗಿದ ತಾರ್ತಕೋವರ್ ರಕ್ಷಣೆಯೊಳಗೆ ಇಳಿಯಿತು. ಇದಕ್ಕಿಂತ ಸಂಭಾವಿತ ಓಪನಿಂಗ್ ಸಿಗುವುದು ಕಷ್ಟ.

ನಡೆಗಳನ್ನು ಇಲ್ಲೇ ಕೊಡುತ್ತೇನೆ. ‘ಕು’ ಕುದುರೆ, ‘ಒಂ’ ಒಂಟೆ, ‘ಆ’ ಆನೆ, ‘ಮಂ’ ಮಂತ್ರಿ, ‘ರಾ’ ರಾಜ. ಅಕ್ಷರ ಇಲ್ಲದಿದ್ದರೆ ಕಾಲಾಳಿನ ನಡೆ. ಉದ್ದ ಸಾಲುಗಳು ಬಿಳಿಯ ಎಡಗಡೆಯಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್; ಅಡ್ಡ ಸಾಲುಗಳು ಬಿಳಿಯ ಕಡೆಯಿಂದ 1ರಿಂದ 8. ‘×’ ಎಂದರೆ ಹೊಡೆತ, ‘0-0’ ಎಂದರೆ ರಾಜನ ಬದಿಯ ಕ್ಯಾಸ್ಲಿಂಗ್, ಆವರಣದಲ್ಲಿರುವುದು ಎರಡು ಆನೆಗಳಲ್ಲಿ ಯಾವುದು ಎಂದು ತಿಳಿಸುವ, ಅದು ಹೊರಟ ಸಾಲು.

1. ಸಿ4 ಇ6 2. ಕು-ಎಫ್3 ಡಿ5 3. ಡಿ4 ಕು-ಎಫ್6 4. ಕು-ಸಿ3 ಒಂ-ಇ7 5. ಒಂ-ಜಿ5 0-0 6. ಇ3 ಎಚ್6 7. ಒಂ-ಎಚ್4 ಬಿ6 8. ಸಿ×ಡಿ5 ಕು×ಡಿ5 9. ಒಂ×ಇ7 ಮಂ×ಇ7 10. ಕು×ಡಿ5 ಇ×ಡಿ5 11. ಆ-ಸಿ1 ಒಂ-ಇ6 12. ಮಂ-ಎ4 ಸಿ5 13. ಮಂ-ಎ3 ಆ-ಸಿ8 14. ಒಂ-ಬಿ5 ಎ6 15. ಡಿ×ಸಿ5 ಬಿ×ಸಿ5 16. 0-0 ಆ-ಎ7 17. ಒಂ-ಇ2 ಕು-ಡಿ7 18. ಕು-ಡಿ4 ಮಂ-ಎಫ್8 19. ಕು×ಇ6 ಎಫ್×ಇ6 20. ಇ4 ಡಿ4 21. ಎಫ್4 ಮಂ-ಇ7 22. ಇ5 ಆ-ಬಿ8 23. ಒಂ-ಸಿ4 ರಾ-ಎಚ್8 24. ಮಂ-ಎಚ್3 ಕು-ಎಫ್8 25. ಬಿ3 ಎ5 26. ಎಫ್5 ಇ×ಎಫ್5 27. ಆ×ಎಫ್5 ಕು-ಎಚ್7 28. ಆ(ಸಿ)-ಎಫ್1 ಮಂ-ಡಿ8 29. ಮಂ-ಜಿ3 ಆ-ಇ7 30. ಎಚ್4 ಆ(ಬಿ)-ಬಿ7 31. ಇ6 ಆ(ಬಿ)-ಸಿ7 32. ಮಂ-ಇ5 ಮಂ-ಇ8 33. ಎ4 ಮಂ-ಡಿ8 34. ಆ(1)-ಎಫ್2 ಮಂ-ಇ8 35. ಆ(2)-ಎಫ್3 ಮಂ-ಡಿ8 36. ಒಂ-ಡಿ3 ಮಂ-ಇ8 37. ಮಂ-ಇ4 ಕು-ಎಫ್6 38. ಆ×ಎಫ್6 ಜಿ×ಎಫ್6 39. ಆ×ಎಫ್6 ರಾ-ಜಿ8 40. ಒಂ-ಸಿ4 ರಾ-ಎಚ್8 41. ಮಂ-ಎಫ್4. ಕಪ್ಪು ಸೋಲೊಪ್ಪಿತು.

ಮೊದಲ ಸುತ್ತು: ನಿಲ್ಲದೆ ಆಡಿ

ಎಲ್ಲ ನಡೆಗಳನ್ನೂ ಒಮ್ಮೆ ಬೋರ್ಡಿನ ಮೇಲೆ ಕೈಯಿಂದಲೇ ಆಡಿ. ಏನನ್ನೂ ಬರೆಯಬೇಡಿ. ಆಟ ಯಾವ ಕಡೆಗೆ ವಾಲಿತು, ಹೋರಾಟ ಬೋರ್ಡಿನ ಎಡಗಡೆಯಿಂದ ಬಲಗಡೆಗೆ ಯಾವಾಗ ಹರಿಯಿತು ಎಂಬುದಷ್ಟು ಮನಸ್ಸಿನಲ್ಲಿ ಕೂತರೆ ಸಾಕು. ಹದಿನೈದು ನಿಮಿಷದ ಕೆಲಸ.

ಎರಡನೆಯ ಸುತ್ತು: ಹೋದದ್ದೇನು, ಉಳಿದದ್ದೇನು?

ಈಗ ಮತ್ತೆ ಆರಂಭದಿಂದ ಬನ್ನಿ. ಕಾಯಿಗಳ ವಿನಿಮಯವಾದಾಗಲೆಲ್ಲ ನಿಂತು, ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ. ಸೌಮ್ಯ ಓಪನಿಂಗ್‌ಗಳಲ್ಲಿ ಇದಕ್ಕಿಂತ ಉಪಯುಕ್ತವಾದ ಅಭ್ಯಾಸ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಹತ್ತನೆಯ ನಡೆಯ ಹೊತ್ತಿಗೆ ಎರಡೂ ಕಡೆಯಿಂದ ಒಂದು ಕುದುರೆ, ಕಪ್ಪು ಮನೆಗಳ ಒಂಟೆ ಹೋಗಿವೆ. ಇಬ್ಬರಿಗೂ ಏಳೇಳು ಕಾಲಾಳುಗಳು. ಲೆಕ್ಕ ಸರಿಸಮ. ಕಾಲಾಳುಗಳ ಸ್ಥಾನವನ್ನು ಮಾತ್ರ ಒಂದು ಚೌಕದಲ್ಲಿ ಬಿಡಿಸಿ, ಉಳಿದ ಕಾಯಿಗಳನ್ನು ಬಿಟ್ಟುಬಿಡಿ. ಬಿಳಿಗೆ ಸಿ ಸಾಲು ತೆರೆದಿದೆ, ಕಪ್ಪಿಗೆ ಇ ಸಾಲು. ಬಿ6 ನಡೆಯ ಉದ್ದೇಶ ಒಂಟೆಯನ್ನು ಬಿ7ರಲ್ಲಿ ಕೂರಿಸಿ ಉದ್ದದ ಓರೆ ದಾರಿಯನ್ನು ಹಿಡಿಯುವುದು. ಆದರೆ ಫಿಷರ್ ಡಿ5ರಲ್ಲಿ ಎಲ್ಲವನ್ನೂ ವಿನಿಮಯ ಮಾಡಿಸಿ, ಕಪ್ಪಿನ ಕಾಲಾಳನ್ನೇ ಆ ದಾರಿಯ ನಡುವೆ ನಿಲ್ಲಿಸಿದರು. ಹಾಗಾಗಿ ಒಂಟೆ ಬಿ7ರ ಬದಲು ಇ6ಕ್ಕೆ ಹೋಗಬೇಕಾಯಿತು. ಬಿ6 ನಡೆದದ್ದಕ್ಕೆ ಅರ್ಥ ಅರ್ಧ ಕಡಿಮೆಯಾಯಿತು. ಒಂದೇ ಒಂದು ಬೆದರಿಕೆಯೂ ಇಲ್ಲದೆ ಆದ ಕೆಲಸ ಇದು.

ಹದಿನೈದನೆಯ ನಡೆಯಲ್ಲಿ ಇನ್ನೊಂದು ಚಿತ್ರ ಬರೆಯಿರಿ. ಈಗ ಕಪ್ಪಿಗೆ ಸಿ5, ಡಿ5 ಎಂಬ ಜೋಡಿ ಕಾಲಾಳುಗಳಿವೆ. ಅಕ್ಕಪಕ್ಕದ ಸಾಲುಗಳಲ್ಲಿ ಅವುಗಳನ್ನು ಕಾಯುವ ಬೇರೆ ಕಾಲಾಳು ಇಲ್ಲ. ಇಂಥ ಜೋಡಿ ಮುನ್ನುಗ್ಗಿದರೆ ಎದುರಾಳಿಗೆ ಕಷ್ಟ, ನಿಂತಲ್ಲೇ ನಿಂತರೆ ತನಗೇ ಹೊರೆ. ಮುಂದಿನ ಆಟವೆಲ್ಲ ಇದೊಂದು ಪ್ರಶ್ನೆಯ ಸುತ್ತ ಸುತ್ತುತ್ತದೆ.

ಮೂರನೆಯ ಸುತ್ತು: ನಡೆ ಮುಚ್ಚಿ, ನೀವೇ ಆಡಿ

ಪೋಸ್ಟ್‌ಕಾರ್ಡಿನಿಂದ ಮುಂದಿನ ನಡೆಗಳನ್ನು ಮುಚ್ಚಿ. ಹನ್ನೆರಡನೆಯ ನಡೆಯಿಂದ ಆರಂಭಿಸಿ. ಬಿಳಿಯ ಸರದಿ ಬಂದಾಗಲೆಲ್ಲ ಐದು ನಿಮಿಷ ಯೋಚಿಸಿ, ನಿಮ್ಮ ನಡೆಯನ್ನೂ ಅದಕ್ಕೆ ಒಂದು ಸಾಲಿನ ಕಾರಣವನ್ನೂ ಬರೆದಿಟ್ಟು, ಆಮೇಲೆ ಕಾರ್ಡು ಸರಿಸಿ. ಊಹೆ ಸರಿಯಾಯಿತೇ ಎಂಬುದಕ್ಕಿಂತ ಕಾರಣ ಸರಿಯಾಯಿತೇ ಎಂಬುದನ್ನು ನೋಡಿ. ಇಬ್ಬರು ಸೇರಿ ಮಾಡಿದರೆ ಇನ್ನೂ ಒಳ್ಳೆಯದು, ವಾದ ಮಾಡಲು ಜೊತೆಗೊಬ್ಬರು ಬೇಕು.

ಹದಿನಾಲ್ಕನೆಯ ನಡೆಯಲ್ಲಿ ಒಂಟೆ ಬಿ5ಕ್ಕೆ ಬರುತ್ತದೆ. ಕಪ್ಪಿನ ಕುದುರೆ ಇನ್ನೂ ಬಿ8ರ ಮೂಲ ಮನೆಯಲ್ಲೇ ಇದೆ, ಡಿ7ಕ್ಕೆ ಬಂದರೆ ಒಂಟೆ ಅದನ್ನು ಹೊಡೆಯಬಹುದು. ಕಪ್ಪು ಎ6 ಆಡಿ ಒಂಟೆಯನ್ನು ಓಡಿಸಲು ನೋಡಿದರೂ ಫಿಷರ್ ಅದನ್ನು ಅಲ್ಲೇ ಬಿಟ್ಟು ಸಿ5ರಲ್ಲಿ ಹೊಡೆದರು. ಒಂಟೆಯನ್ನು ಏಕೆ ತೆಗೆದುಕೊಳ್ಳುವಂತಿಲ್ಲ? ಉತ್ತರ ಓದುವ ಮೊದಲು ಬೋರ್ಡು ನೋಡಿ. ಎ6 ಕಾಲಾಳು ಪಿನ್ ಆಗಿದೆ: ಅದು ಬಿ5ಕ್ಕೆ ಸರಿದರೆ ಎ ಸಾಲು ತೆರೆದುಕೊಂಡು ಎ3ರ ಮಂತ್ರಿ ಎ8ರ ಆನೆಯನ್ನು ಹೊಡೆಯುತ್ತದೆ. ಬಿ8ರ ಕುದುರೆ ಅಡ್ಡ ಇರುವುದರಿಂದ ಸಿ8ರ ಆನೆ ಅದನ್ನು ಕಾಯುವುದಿಲ್ಲ. ಸ್ಪಾಸ್ಕಿ ಆನೆಯನ್ನು ಎ7ಕ್ಕೆ ಸರಿಸಿದ ಮೇಲಷ್ಟೇ ಒಂಟೆ ಹಿಂದೆ ಸರಿಯಬೇಕಾಗುತ್ತದೆ. ಆದರೆ ಎ7ರಲ್ಲಿ ಆನೆಗೆ ಕೆಲಸವೇ ಇಲ್ಲ.

ಹದಿನೆಂಟನೆಯ ನಡೆ ನನಗೆ ಈ ಆಟದಲ್ಲೇ ಅತ್ಯಂತ ಪ್ರಿಯವಾದದ್ದು. ಕುದುರೆ ನೇರವಾಗಿ ಸಿ5 ಕಾಲಾಳಿನ ಬಾಯಿಗೆ, ಡಿ4ಕ್ಕೆ ಹೋಗುತ್ತದೆ. ಕಾಲಾಳು ಹೊಡೆದರೆ ಎ3ರಿಂದ ಇ7ರವರೆಗಿನ ಓರೆ ದಾರಿ ತೆರೆದು ಕಪ್ಪು ತನ್ನ ಮಂತ್ರಿಯನ್ನೇ ಕಳೆದುಕೊಳ್ಳುತ್ತದೆ. ಸ್ಪಾಸ್ಕಿ ಮಂತ್ರಿಯನ್ನು ಕಾವಲಿರುವ ಎಫ್8ಕ್ಕೆ ಸರಿಸಿ ಪಿನ್ ಬಿಡಿಸಿಕೊಂಡರು, ಆಗ ಫಿಷರ್ ಇ6ರ ಒಂಟೆಯನ್ನು ಹೊಡೆದರು. ಇಲ್ಲಿ ಮತ್ತೆ ಎರಡು ಸಾಲು ಬರೆಯಿರಿ. ಬಿಳಿಗೆ ಉಳಿದದ್ದು ಬಿಳಿ ಮನೆಗಳ ಒಂಟೆ, ಕಪ್ಪಿಗೆ ಉಳಿದದ್ದು ಕುದುರೆ. ಕಪ್ಪಿನ ಡಿ5, ಇ6 ಕಾಲಾಳುಗಳೆರಡೂ ಬಿಳಿ ಮನೆಗಳಲ್ಲಿವೆ, ಅವುಗಳನ್ನು ಕಾಯುವ ಒಂಟೆ ಇನ್ನಿಲ್ಲ.

ತಿರುವು ಎಲ್ಲಿ?

ಇನ್ನು ಮುಖ್ಯವಾದ ಕೆಲಸ. ‘ಆಟ ಯಾವ ನಡೆಯಲ್ಲಿ ಕೈಜಾರಿತು?’ ಎಂದು ಕೇಳಿದರೆ ಹೆಚ್ಚಿನವರು ಮೂವತ್ತೆಂಟನೆಯ ನಡೆಯ ಆನೆಯ ಬಲಿದಾನವನ್ನು ತೋರಿಸುತ್ತಾರೆ. ಅದು ತಿರುವಲ್ಲ, ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಹಿಂದಕ್ಕೆ ಬನ್ನಿ. ಪ್ರತಿ ಐದು ನಡೆಗೊಮ್ಮೆ ನಿಂತು, ‘ನಾನು ಕಪ್ಪಿನ ಕಡೆ ಕೂರಲು ಈಗ ಒಪ್ಪುತ್ತೇನೆಯೇ?’ ಎಂದು ಕೇಳಿಕೊಳ್ಳಿ. ಇಪ್ಪತ್ತೈದರಲ್ಲಿ ಒಪ್ಪುವುದಿಲ್ಲ. ಹದಿನೈದರಲ್ಲಿ ಒಪ್ಪಬಹುದು. ಹಾಗಾದರೆ ತಿರುವು ಈ ಎರಡರ ನಡುವೆ ಇದೆ.

ಇಪ್ಪತ್ತನೆಯ ನಡೆಯಲ್ಲಿ ಫಿಷರ್ ಇ4 ನೂಕಿ ಡಿ5ನ್ನು ಪ್ರಶ್ನಿಸಿದರು. ಸ್ಪಾಸ್ಕಿ ಡಿ4ಕ್ಕೆ ಮುಂದೆ ಹೋದರು. ನೋಡಲು ಒಳ್ಳೆಯ ನಡೆ: ಕಾಲಾಳು ಮುಂದುವರಿಯಿತು, ಸಿ5 ಅದನ್ನು ಕಾಯುತ್ತಿದೆ. ಆದರೆ ಬೋರ್ಡಿನ ಬಣ್ಣ ನೋಡಿ. ಸಿ5, ಡಿ4 ಎರಡೂ ಈಗ ಕಪ್ಪು ಮನೆಗಳಲ್ಲಿವೆ. ಬಿಳಿ ಮನೆಗಳ ದಾರಿ ಪೂರ್ತಿಯಾಗಿ ಬಿಳಿಯ ಒಂಟೆಗೆ ಬಿಟ್ಟುಕೊಟ್ಟಂತಾಯಿತು. ಅದು ಸಿ4ರಲ್ಲಿ ಬಂದು ಕೂತರೆ ಓಡಿಸಲು ಒಂದು ಕಾಲಾಳೂ ಇಲ್ಲ. ಅಲ್ಲಿಂದ ಅದು ಇ6ನ್ನು ಇರಿಯುತ್ತದೆ, ಅದರ ಹಿಂದಿರುವ ರಾಜನನ್ನೂ ನೋಡುತ್ತದೆ. ಜೋಡಿ ಕಾಲಾಳುಗಳು ಮುಂದೆ ಹೋಗಲು ಬೇಕಾದ ಮನೆಯೂ ಅದೇ ಒಂಟೆಯ ಹಿಡಿತದಲ್ಲಿ. ಈ ನಡೆಯನ್ನು ಅನೇಕ ವಿಶ್ಲೇಷಕರು ಟೀಕಿಸಿದ್ದಾರೆ, ನನಗೂ ಹಾಗೆಯೇ ಅನಿಸುತ್ತದೆ.

ಟೀಕಿಸಿದರೆ ಸಾಲದು, ಬದಲಿ ನಡೆ ಹುಡುಕಬೇಕು. ಸಿ4 ಆಡಿದರೆ? ಒಂಟೆಗೆ ಆ ಮನೆ ಸಿಗುವುದಿಲ್ಲ. ಆದರೆ ಬಿಳಿಯ ಮಂತ್ರಿ ಎಚ್3ಕ್ಕೆ ಹಾರಿ ಇ6ನ್ನು ಕೆಣಕುತ್ತದೆ. ಕುದುರೆಯನ್ನು ಎಫ್6ಕ್ಕೆ ತಂದರೆ? ಡಿ5ಕ್ಕೆ ಇನ್ನೊಂದು ಕಾವಲು ಸಿಗುತ್ತದೆ. ಎರಡನ್ನೂ ಬೋರ್ಡಿನ ಮೇಲೆ ನಾಲ್ಕೈದು ನಡೆ ಮುಂದಕ್ಕೆ ಆಡಿ ನೋಡಿ, ನಿಮ್ಮ ತೀರ್ಪನ್ನು ಪೆನ್ನಿನಿಂದ ಬರೆಯಿರಿ. ಪೆನ್ಸಿಲ್ ಬೇಡ. ಆಮೇಲೆ ಅಳಿಸಿ ‘ನಾನೂ ಹಾಗೇ ಎಂದುಕೊಂಡಿದ್ದೆ’ ಎನ್ನಲು ಅವಕಾಶ ಇರಬಾರದು.

ಅಲ್ಲಿಂದ ಮುಂದಿನದು ಒಂದರ ಹಿಂದೆ ಒಂದು. ಎಫ್4, ಇ5 ನಡೆಗಳಿಂದ ಕುದುರೆಗೆ ಎಫ್6 ಮುಚ್ಚಿತು. ಒಂಟೆ ಸಿ4ಕ್ಕೆ ಬಂತು. ಮಂತ್ರಿ ಎ3ರಿಂದ ಎಚ್3ಕ್ಕೆ ದಾಟಿದ ಕೂಡಲೇ ಕುದುರೆ ಎಫ್8ಕ್ಕೆ ಹೋಗಿ ಇ6ಕ್ಕೆ ಕಾವಲು ನಿಲ್ಲಬೇಕಾಯಿತು.

ಆದರೆ ಮೂವತ್ತರಿಂದ ಮೂವತ್ತಾರರವರೆಗಿನ ಭಾಗವನ್ನು ಅವಸರದಲ್ಲಿ ದಾಟಬೇಡಿ. ಎಚ್4 ಕಪ್ಪಿನ ಕುದುರೆ ಜಿ5ಕ್ಕೆ ಬರದಂತೆ ತಡೆಯುತ್ತದೆ. ಎ4 ಕಪ್ಪಿಗಿದ್ದ ಒಂದೇ ಪ್ರತಿದಾಳಿಯನ್ನು, ಎ5ರಿಂದ ಎ4ಕ್ಕೆ ಕಾಲಾಳು ನೂಕುವುದನ್ನು, ನಿಲ್ಲಿಸುತ್ತದೆ. ಸ್ಪಾಸ್ಕಿಯ ಮಂತ್ರಿ ಡಿ8, ಇ8 ಎಂದು ಓಡಾಡುವುದು ಬಿಟ್ಟು ಬೇರೇನೂ ಮಾಡುವಂತಿಲ್ಲ. ಗೆಲ್ಲುವ ಸ್ಥಿತಿಯಲ್ಲಿದ್ದರೂ ಫಿಷರ್ ಮುನ್ನುಗ್ಗಲಿಲ್ಲ, ಎದುರಾಳಿಯ ಕೈ ಪೂರ್ತಿ ಕಟ್ಟಿ, ಕಾಯಿಗಳನ್ನು ಇನ್ನೂ ಒಳ್ಳೆಯ ಮನೆಗಳಿಗೆ ತಂದರು. ಒಂಟೆ ಡಿ3, ಮಂತ್ರಿ ಇ4 ಸೇರಿ ಎಚ್7ರ ಮೇಲೆ ಕಣ್ಣಿಟ್ಟ ಮೇಲೆಯೇ ಆನೆ ಎಫ್6ಕ್ಕೆ ಬಿತ್ತು. ಆಟ ಮುಗಿದಾಗ ಪ್ರೇಕ್ಷಕರ ಜೊತೆ ಸ್ವತಃ ಸ್ಪಾಸ್ಕಿಯೂ ಚಪ್ಪಾಳೆ ತಟ್ಟಿದರು. ಅಂಥ ದೊಡ್ಡ ಮನಸ್ಸು ಈ ಆಟದ ಜೊತೆಗೇ ನೆನಪಿನಲ್ಲಿ ಉಳಿಯಬೇಕಾದದ್ದು.

ಕರೆಂಟು ಬಂದ ಮೇಲೆ

ಈಗ ಎಂಜಿನ್, ಅಂದರೆ ನಡೆಗಳನ್ನು ಲೆಕ್ಕ ಹಾಕಿ ಅಂಕಿ ಕೊಡುವ ಕಂಪ್ಯೂಟರ್ ಪ್ರೋಗ್ರಾಂ, ತೆರೆಯಿರಿ. ಇಡೀ ಆಟವನ್ನು ಅದರ ಕೈಗೆ ಕೊಡಬೇಡಿ. ನೀವು ಪೆನ್ನಿನಿಂದ ತೀರ್ಪು ಬರೆದ ಸ್ಥಿತಿಗಳನ್ನಷ್ಟೇ ಕೇಳಿ. ಅದು ಬೇರೆ ನಡೆ ಸೂಚಿಸಿದರೆ, ಆ ನಡೆಗೆ ನೀವು ಕೊಟ್ಟುಕೊಳ್ಳಬಲ್ಲ ಕಾರಣ ಸಿಗುವವರೆಗೆ ಎದುರು ಕಡೆಯ ಉತ್ತರಗಳನ್ನು ಆಡಿಸಿ ನೋಡಿ. ಅಂಕಿಯನ್ನು ನೋಟ್‌ಬುಕ್ಕಿಗೆ ಇಳಿಸಬೇಡಿ, ಕಾರಣವನ್ನು ಇಳಿಸಿ.

ಮರುದಿನವೂ ಮಳೆ ರಜೆ ಇದ್ದರೆ ಮುಂದಿನ ಪಾಠ ಸಿದ್ಧವಿದೆ. ಹದಿನಾಲ್ಕನೆಯ ನಡೆಯ ಒಂಟೆ ಬಿ5 ಹೊಸದೇನಲ್ಲ. 1970ರಲ್ಲಿ ಸೆಮಿಯೋನ್ ಫುರ್ಮನ್ ಅದನ್ನು ಎಫಿಮ್ ಗೆಲ್ಲರ್ ವಿರುದ್ಧ ಆಡಿದ್ದರು. ರೇಕ್ಯಾವಿಕ್‌ನಲ್ಲಿ ಸ್ಪಾಸ್ಕಿಯ ಸಹಾಯಕರ ತಂಡದಲ್ಲಿದ್ದವರೂ ಇದೇ ಗೆಲ್ಲರ್. 1973ರಲ್ಲಿ ಹಾಲೆಂಡಿನ ಹಿಲ್ವರ್ಸಮ್‌ನಲ್ಲಿ ಯಾನ್ ಟಿಮ್ಮನ್ ಅದೇ ಸ್ಥಿತಿಯನ್ನು ಅವರ ಮುಂದಿಟ್ಟಾಗ ಗೆಲ್ಲರ್ ಎ6 ಆಡಲಿಲ್ಲ, ಮಂತ್ರಿಯನ್ನು ಬಿ7ಕ್ಕೆ ಸರಿಸಿದರು, ಮತ್ತು ಕಪ್ಪು ಕಾಯಿಗಳಲ್ಲೇ ಗೆದ್ದರು. ಆ ಆಟವನ್ನು ಹುಡುಕುವ ಮೊದಲು ಹದಿಮೂರು ನಡೆ ಆಡಿ ನಿಲ್ಲಿಸಿ, ಒಂಟೆಯನ್ನು ಬಿ5ಕ್ಕೆ ಇಟ್ಟು, ಮಂತ್ರಿಯನ್ನು ಬಿ7ರಲ್ಲಿ ಇರಿಸಿ. ಬಿಳಿ ಈಗ ಸಿ5 ಕಾಲಾಳನ್ನು ತಿಂದರೆ ಕಪ್ಪಿಗೆ ಏನು ಸಿಗುತ್ತದೆ ಎಂದು ಮೊದಲು ನೀವೇ ಬರೆಯಿರಿ.