ಬೀದರ್ ಚಳಿಗೂ ಮೇ ಬಿಸಿಲಿಗೂ ನಿಲ್ಲುವ ಪಾಮ್: ನಾನು ಬೆಳೆಸುವ ಬಗೆ

ಬೀದರ್ ಕಡೆ ಪಾಮ್ ಹಾಕಬೇಕೆನ್ನುವವರು ಮೊದಲು ಕೇಳುವುದು, "ಚಳಿ ತಡೀತದೇನ್ರಿ?" ಅಂತ. ಕೇಳುವುದರಲ್ಲಿ ತಪ್ಪಿಲ್ಲ. ಊರು ಕೆಂಪು ಮುರಮಿನ ಎತ್ತರದ ಮೇಲಿದೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುವುದು ಇಲ್ಲಿ ಹೊಸದಲ್ಲ, ಕೆಲವು ಬೆಳಗಿನ ಜಾವ ಇನ್ನೂ ಕೆಳಗೆ ಹೋಗುತ್ತದೆ. ಆದರೆ ಅದೇ ಗಿಡ ಮೇ ತಿಂಗಳಲ್ಲಿ 40 ದಾಟಿದ ಬಿಸಿಲು ತಿನ್ನಬೇಕು. ಕಲಬುರಗಿ, ಯಾದಗಿರಿಗೆ ಇಳಿದರೆ ಬಿಸಿಲು ಇನ್ನೂ ಎರಡು ಡಿಗ್ರಿ ಹೆಚ್ಚು. ಹಾಗಾಗಿ "ಚಳಿ ತಡೆಯುವ ಪಾಮ್" ಎಂಬ ಚೀಟಿ ನೋಡಿ ಗಿಡ ಕೊಂಡರೆ ಅರ್ಧ ಲೆಕ್ಕವಷ್ಟೇ ಹಾಕಿದಂತೆ. ನಮ್ಮ ಭಾಗದಲ್ಲಿ ಪಾಮ್ ಸಾಯುವುದು ಬರೀ ಚಳಿಗಲ್ಲ. ಚಳಿಯಲ್ಲಿ ಬೇರು ಸೋತ ಗಿಡವನ್ನು ಆಮೇಲೆ ಬರುವ ಬಿಸಿಲು ಮುಗಿಸುತ್ತದೆ.

ವಿಂಡ್‌ಮಿಲ್ ಪಾಮ್ ಇದಕ್ಕೆ ಒಳ್ಳೆಯ ಉದಾಹರಣೆ. ಚೀನಾದ ಗುಡ್ಡಗಾಡಿನ ಗಿಡ. ಬಲಿತದ್ದು ಮೈನಸ್ 15 ಡಿಗ್ರಿವರೆಗೂ ತಾಳುತ್ತದೆ, ಊಟಿಯಂಥ ಊರಿಗೆ ಹೇಳಿ ಮಾಡಿಸಿದ್ದು. ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆಂದು ತರಿಸಿ ನೆಟ್ಟರೆ ನಮ್ಮ ಚಳಿಗಾಲವನ್ನು ಏನೂ ಆಗದಂತೆ ಕಳೆಯುತ್ತದೆ, ಮೇ ತಿಂಗಳಲ್ಲಿ ಕೂತುಬಿಡುತ್ತದೆ. ಹಗಲಿನ ಬಿಸಿಲಿಗಿಂತ ರಾತ್ರಿಯೂ ತಣಿಯದ ಮಣ್ಣು ಅದಕ್ಕೆ ಆಗದು. ನೆರಳು ಬಲೆ ಕಟ್ಟಿ ಕುಂಡದಲ್ಲಿ ಇಟ್ಟುಕೊಳ್ಳುವುದಾದರೆ ಸರಿ, ನೆಲಕ್ಕೆ ನಾನು ಯಾರಿಗೂ ಹೇಳುವುದಿಲ್ಲ.

ಇಲ್ಲಿನ ಚಳಿ ಗಿಡಕ್ಕೆ ಏನು ಮಾಡುತ್ತದೆ ಎಂಬುದು ಗೊತ್ತಿದ್ದರೆ ಮುಂದಿನ ಕೆಲಸವೆಲ್ಲ ಸಲೀಸು. ನೀರು ಹೆಪ್ಪುಗಟ್ಟುವಷ್ಟು ಚಳಿ ನಮ್ಮಲ್ಲಿಲ್ಲ, ಎಲೆ ಒಂದೇ ರಾತ್ರಿಯಲ್ಲಿ ಕಪ್ಪಾಗುವುದಿಲ್ಲ. ಆದರೆ ಮಣ್ಣಿನ ಬಿಸಿ 18 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಪಾಮ್ ಬೇರು ಹೆಚ್ಚುಕಡಿಮೆ ನಿಂತುಹೋಗುತ್ತದೆ. ನೀರೂ ಗೊಬ್ಬರವೂ ಮೇಲೆ ಏರುವುದು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಈಶಾನ್ಯದಿಂದ ಬೀಸುವ ಒಣ ಗಾಳಿ ಎಲೆಯಿಂದ ನೀರು ಎಳೆಯುತ್ತಲೇ ಇರುತ್ತದೆ. ಎಲೆಯ ತುದಿ ಕಂದಾಗಿ ಸುಡುವುದು ಇದಕ್ಕೇ. ಮೋಡವಿಲ್ಲದ ರಾತ್ರಿಗಳಲ್ಲಿ ಆಕಾಶಕ್ಕೆ ತೆರೆದುಕೊಂಡ ಎಲೆ ಸುತ್ತಲಿನ ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿಜಾರು ಹಿಡಿದು ತಗ್ಗಿನಲ್ಲಿ ನಿಲ್ಲುತ್ತದೆ. ಭಾಲ್ಕಿ, ಔರಾದ ಕಡೆ ಹಳ್ಳದ ದಂಡೆಯ ಹೊಲಗಳಲ್ಲಿ ಬೆಳಗಿನ ಜಾವ ಮೇಲಿನ ದಿನ್ನೆಗಿಂತ ಚಳಿ ಹೆಚ್ಚಿರುವುದಕ್ಕೆ ಕಾರಣ ಇದು. ಅಂಥ ಜಾಗದಲ್ಲಿ ನಾಜೂಕಿನ ಪಾಮ್ ಬೇಡ. ಮನೆಯ ದಕ್ಷಿಣ ಅಥವಾ ಪಶ್ಚಿಮ ಗೋಡೆಯ ಪಕ್ಕ, ಗೋಡೆಯಿಂದ ಐದಾರು ಅಡಿ ಬಿಟ್ಟು ನೆಟ್ಟರೆ ಹಗಲು ಕಾದ ಗೋಡೆ ರಾತ್ರಿ ಬಿಸಿ ಬಿಡುತ್ತದೆ. ಆದರೆ ಅದೇ ಪಶ್ಚಿಮದ ಗೋಡೆ ಮೇ ತಿಂಗಳಲ್ಲಿ ಎಳೆ ಗಿಡವನ್ನು ಸುಡುತ್ತದೆ, ಮೊದಲ ಎರಡು ಬೇಸಿಗೆ ನೆರಳು ಬಲೆ ಬೇಕೇ ಬೇಕು.

ಎರಡೂ ಹವೆಗೆ ನಿಲ್ಲುವುದರಲ್ಲಿ ಮೊದಲನೆಯದು ನಮ್ಮ ಹಳ್ಳದ ಸಿಂದಿ ಗಿಡವೇ, ಅಂದರೆ ಈಚಲು. ಚಳಿ, ಬಿಸಿಲು, ಸವಳು ನೀರು, ಮಳೆಗಾಲದಲ್ಲಿ ನಾಲ್ಕು ದಿನ ನಿಂತ ನೀರು, ಎಲ್ಲವನ್ನೂ ತಡೆಯುತ್ತದೆ. ದುಡ್ಡು ಕೊಟ್ಟು ಹೊರಗಿನ ಗಿಡ ತರುವವರು ಇದನ್ನು ಕಸಬರಿಗೆ ಗಿಡ ಎಂದು ಕಡೆಗಣಿಸುವುದು ನನಗೆ ಅರ್ಥವಾಗುವುದಿಲ್ಲ, ಹತ್ತು ಅಡಿ ಎತ್ತರದ ಸಿಂದಿಯಷ್ಟು ಗತ್ತು ಬೇರೆ ಯಾವುದಕ್ಕೂ ಇಲ್ಲ. ಮುಳ್ಳಿನ ಬುಡ ಮಾತ್ರ ಮಕ್ಕಳು ಓಡಾಡುವ ದಾರಿಗೆ ಬೇಡ. ಎರಡನೆಯದು ವಾಷಿಂಗ್ಟೋನಿಯಾ. ಇದರಲ್ಲಿ ದಪ್ಪ ಕಾಂಡದ ಫಿಲಿಫೆರಾ ತಳಿ ಒಣ ಹವೆಗೆ ಸಣ್ಣ ಕಾಂಡದ ರೋಬಸ್ಟಾಗಿಂತ ಮೇಲು. ಮೂರನೆಯದು ಬಿಸ್ಮಾರ್ಕಿಯಾ. ಬೆಳ್ಳಿ ಬಣ್ಣದ್ದನ್ನೇ ತನ್ನಿ, ಹಸಿರು ಬಗೆ ಚಳಿಗೆ ಮೆತ್ತಗೆ. ಚೈನೀಸ್ ಫ್ಯಾನ್ ಪಾಮ್‌ಗೆ ಚಳಿಯ ಚಿಂತೆಯಿಲ್ಲ, ಆದರೆ ಎಳೆಯದರಲ್ಲಿ ಮಧ್ಯಾಹ್ನದ ನೆರಳು ಬೇಕು. ರಾಯಲ್ ಪಾಮ್, ಫಾಕ್ಸ್‌ಟೇಲ್ ಎರಡೂ ಬದುಕುತ್ತವೆ, ಆದರೆ ಚಳಿ ಮುಗಿಯುವ ಹೊತ್ತಿಗೆ ಸೊರಗುತ್ತವೆ, ಅವುಗಳ ಉಪಚಾರ ಮುಂದೆ ಹೇಳುತ್ತೇನೆ. ನರ್ಸರಿಗಳಲ್ಲಿ ರಾಯಲ್ ಪಾಮ್ ಅನ್ನೂ ಬಾಟಲ್ ಪಾಮ್ ಎಂದೇ ಮಾರುತ್ತಾರೆ. ನಿಜವಾದ ಬಾಟಲ್ ಪಾಮ್ ಗಿಡ್ಡ, ಎಲೆ ನಾಲ್ಕೈದೇ, ಚಳಿಗೆ ಬಹಳ ಮೆತ್ತಗೆ, ಬೀದರ್‌ನಲ್ಲಿ ಕುಂಡಕ್ಕಷ್ಟೇ. ಕೆಂಪು ಕಾಂಡದ ಲಿಪ್‌ಸ್ಟಿಕ್ ಪಾಮ್ ಬಗ್ಗೆ ಯೋಚಿಸಲೇಬೇಡಿ, ಅದಕ್ಕೆ ವರ್ಷವಿಡೀ ಬೆಚ್ಚಗೆ ಮತ್ತು ತೇವ ಬೇಕು.

ನೆಡುವ ಕಾಲ ಜೂನ್‌ನ ಮೊದಲ ಎರಡು ಹದ ಮಳೆ ಬಿದ್ದ ಮೇಲೆ. ಬೇರು ಓಡುವುದು ಮಣ್ಣು ಬೆಚ್ಚಗಿದ್ದಾಗ. ಜೂನ್‌ನಲ್ಲಿ ನೆಟ್ಟರೆ ಚಳಿಗೆ ಮುಂಚೆ ಐದು ತಿಂಗಳು ಸಿಗುತ್ತದೆ. ಅಕ್ಟೋಬರ್ ನಂತರ ನೆಟ್ಟ ಗಿಡ ಫೆಬ್ರುವರಿವರೆಗೂ ಕುಂಡದ ಮಣ್ಣಿನ ಹೆಂಟೆಯಲ್ಲೇ ಕೂತಿರುತ್ತದೆ, ಹೊರಗೆ ಒಂದು ಬೇರೂ ಬಿಟ್ಟಿರುವುದಿಲ್ಲ.

ತಗ್ಗು ತೋಡುವ ರೀತಿ ಮಣ್ಣಿನ ಮೇಲೆ ಹೋಗುತ್ತದೆ. ಬೀದರ್, ಹುಮನಾಬಾದ್ ಕಡೆಯ ಮುರಮಿನಲ್ಲಿ 3 ಅಡಿ ಉದ್ದ, ಅಗಲ, ಆಳದ ತಗ್ಗು. ತಳ ಗಟ್ಟಿಯಿದ್ದರೆ ನೀರು ತೊಟ್ಟಿಯಲ್ಲಿ ನಿಂತ ಹಾಗೆ ನಿಂತು ಬೇರು ಕೊಳೆಯುತ್ತದೆ. ತೋಡಿದ ಮೇಲೆ ಎರಡು ಕೊಡ ನೀರು ಸುರಿದು ನೋಡುತ್ತೇನೆ. ಮರುದಿನ ಬೆಳಗ್ಗೆಯೂ ನೀರು ಉಳಿದಿದ್ದರೆ ಹಾರೆಯಿಂದ ತಳ ಒಡೆದು ಇನ್ನೊಂದು ಅಡಿ ಇಳಿಸಬೇಕು. ತುಂಬಲು ಅರ್ಧ ಪಾಲು ಅದೇ ಮುರಮು, ಕಾಲು ಪಾಲು ಕೆರೆಯ ಗೋಡು, ಕಾಲು ಪಾಲು ಪೂರಾ ಕಳಿತ ತಿಪ್ಪೆಗೊಬ್ಬರ, ಜತೆಗೆ 1 ಕಿಲೋ ಬೇವಿನ ಹಿಂಡಿ. ಹಿಂಡಿ ಬಿಟ್ಟರೆ ಮುರಮಿನಲ್ಲಿ ಗೆದ್ದಲು ಖಾತ್ರಿ.

ಕಲಬುರಗಿ, ಯಾದಗಿರಿಯ ಎರೆಮಣ್ಣಿನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಆಳದ ತಗ್ಗು ತೋಡಿ ಉಸುಕು ತುಂಬಿದರೆ ಸುತ್ತಲಿನ ಎರೆ ನೀರನ್ನು ಹೊರಗೆ ಬಿಡುವುದಿಲ್ಲ, ಮಳೆಗಾಲದಲ್ಲಿ ತಗ್ಗು ಬಾವಿಯಾಗುತ್ತದೆ. ತಗ್ಗು ಒಂದೂವರೆ ಅಡಿ ಸಾಕು. ಮೇಲೆ ಐದಾರು ಅಡಿ ಅಗಲದ, ಒಂದೂವರೆ ಅಡಿ ಎತ್ತರದ ದಿಬ್ಬ ಕಟ್ಟಿ ಅದರ ಮೇಲೆ ನೆಡಬೇಕು. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟು ಬೇರು ಹರಿಯುವುದನ್ನು ತಡೆಯಲು ತೊಗರಿ ಹೊಟ್ಟು ಅಥವಾ ಕಬ್ಬಿನ ರವದಿಯನ್ನು 4 ಇಂಚು ದಪ್ಪ ಹರವುತ್ತೇನೆ, ಕಾಂಡದಿಂದ ಒಂದು ಗೇಣು ದೂರ ಬಿಟ್ಟು.

ಎಲ್ಲ ಮಣ್ಣಿಗೂ ಒಂದೇ ನಿಯಮ: ಕುಂಡದಲ್ಲಿ ಮಣ್ಣು ಎಲ್ಲಿವರೆಗಿತ್ತೋ ನೆಲದಲ್ಲೂ ಅಷ್ಟೇ. ಗಾಳಿಗೆ ಬೀಳದಿರಲಿ ಎಂದು ಅರ್ಧ ಅಡಿ ಆಳಕ್ಕೆ ಹೂತರೆ ಪಾಮ್ ಹೊಸ ಬೇರು ಬಿಡುವ ಬುಡವೇ ಉಸಿರುಕಟ್ಟುತ್ತದೆ. ಎಲೆ ಹಳದಿಯಾಗಿ ಸಣ್ಣಗಾಗುತ್ತಾ ಎರಡು ಮೂರು ವರ್ಷಕ್ಕೆ ಗಿಡ ಹೋಗುತ್ತದೆ, ಅಷ್ಟೊತ್ತಿಗೆ ಕಾರಣ ಯಾರಿಗೂ ನೆನಪಿರುವುದಿಲ್ಲ. ಗಾಳಿಗೆ ಮೂರು ಕಡೆ ಬಿದಿರಿನ ಊರುಗೋಲು ಕೊಡಿ. ಕಾಂಡಕ್ಕೆ ಮೊಳೆ ಹೊಡೆಯಬೇಡಿ, ಪಾಮ್ ಕಾಂಡದ ಗಾಯ ಮುಚ್ಚಿಕೊಳ್ಳುವುದಿಲ್ಲ. ಬಿಸ್ಮಾರ್ಕಿಯಾ ನೆಡುವಾಗ ಹೆಂಟೆ ಒಡೆಯದ ಹಾಗೆ ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆಯಬೇಕು, ಅದರ ಬೇರು ಮುಟ್ಟಿದರೆ ಮುನಿಸು.

ಚಳಿಗಾಲದ ಕೆಲಸ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಆಗಸ್ಟ್ ಮುಗಿದ ಮೇಲೆ ಯೂರಿಯಾ ಬಂದ್. ಆಗ ಬರುವ ಮೆತ್ತನೆ ಎಲೆಯೇ ಚಳಿಗೆ ಮೊದಲು ಸಿಗುವುದು. ಆಳೆತ್ತರ ದಾಟಿದ ಗಿಡಕ್ಕೆ ನಾನು ಜೂನ್‌ನಲ್ಲಿ ಕೊಡುವುದು 20 ಕಿಲೋ ತಿಪ್ಪೆಗೊಬ್ಬರ, 1 ಕಿಲೋ ಬೇವಿನ ಹಿಂಡಿ, 250 ಗ್ರಾಂ ಯೂರಿಯಾ. ಸೆಪ್ಟೆಂಬರ್ ಎರಡನೇ ವಾರ 300 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್, 200 ಗ್ರಾಂ ಮೆಗ್ನೀಷಿಯಂ ಸಲ್ಫೇಟ್, 100 ಗ್ರಾಂ ಮ್ಯಾಂಗನೀಸ್ ಸಲ್ಫೇಟ್. ಕಾಂಡದಿಂದ ಎರಡು ಅಡಿ ದೂರ ಸುತ್ತ ಹರವಿ, ಕೆದಕಿ, ನೀರು ಬಿಡುವುದು. ಕೆಂಪು ಪೊಟ್ಯಾಷ್ ಅಗ್ಗ ನಿಜ, ಆದರೆ ಸವಳು ಬೋರ್ ನೀರಿನ ಜಾಗದಲ್ಲಿ ಅದರ ಕ್ಲೋರೈಡ್ ಎಲೆ ತುದಿ ಸುಡುತ್ತದೆ. ಪೊಟ್ಯಾಷ್ ಕಡಿಮೆಯಿರುವ ಪಾಮ್ ಚಳಿಯನ್ನು ಸರಿಯಾಗಿ ತಾಳುವುದಿಲ್ಲ.

ದೀಪಾವಳಿಗೆ ಅಂಗಳ ಚೆಂದ ಮಾಡುವ ನೆಪದಲ್ಲಿ ಹಳೆ ಎಲೆ ಸವರಿಬಿಡುವ ರೂಢಿ ನಮ್ಮಲ್ಲಿ ಬಹಳ. ಚಳಿಗೆ ಮುಂಚೆ ಹಸಿರು ಎಲೆ ಕಡಿಯಬೇಡಿ, ಕಿತ್ತಳೆ ಚುಕ್ಕೆ ಬಿದ್ದ ಅರೆಹಳದಿ ಎಲೆಯನ್ನೂ ಕಡಿಯಬೇಡಿ. ಆ ಚುಕ್ಕೆ ಪೊಟ್ಯಾಷ್ ಕೊರತೆಯ ಗುರುತು. ಹಳೆ ಎಲೆಯಲ್ಲಿದ್ದ ಪೊಟ್ಯಾಷನ್ನು ಗಿಡ ಸುಳಿಗೆ ಎಳೆದುಕೊಳ್ಳುತ್ತಿರುತ್ತದೆ. ಅದನ್ನು ಕಡಿದರೆ ಮೇಲಿನ ಎಲೆಗೆ ಕೈಹಾಕುತ್ತದೆ. ಪೂರಾ ಒಣಗಿದ್ದನ್ನು ಮಾತ್ರ ತೆಗೆಯಿರಿ.

ನೀರಿನ ವಿಷಯದಲ್ಲಿ ಗೊಂದಲ ಹೆಚ್ಚು. ಚಳಿಗೆ ನೀರು ನಿಲ್ಲಿಸಬೇಕು ಎನ್ನುವವರಿದ್ದಾರೆ, ಅದು ಅರ್ಧ ಸರಿ. ಬೇಸಿಗೆಯ ಅರ್ಧಕ್ಕೆ ಇಳಿಸಬೇಕು, ಆದರೆ ಮಣ್ಣು ಒಣಗಬಾರದು. ಹಸಿ ಮಣ್ಣು ಹಗಲಿನ ಬಿಸಿಯನ್ನು ಹೆಚ್ಚು ಹಿಡಿದಿಟ್ಟು ರಾತ್ರಿ ನಿಧಾನಕ್ಕೆ ಬಿಡುತ್ತದೆ. ಬೋರ್ ನೀರು ಆಗ ಬೆಚ್ಚಗಿರುತ್ತದೆ, ಬೆಳಗ್ಗೆ ಹತ್ತರ ಮೇಲೆ ನೇರ ಬುಡಕ್ಕೆ ಬಿಡಿ. ಸುಳಿಯ ಮೇಲೆ ಪೈಪ್ ಹಿಡಿಯುವುದು, ಸಂಜೆ ಎಲೆ ತೊಳೆಯುವುದು ನವೆಂಬರ್‌ನಿಂದ ಫೆಬ್ರುವರಿವರೆಗೆ ಬೇಡವೇ ಬೇಡ. ಸುಳಿಯಲ್ಲಿ ನಿಂತ ತಣ್ಣೀರು ರಾತ್ರಿ ಕಳೆದರೆ ಕೊಳೆ ಹಿಡಿಯುತ್ತದೆ.

ಮುಚ್ಚಿಗೆ ಎಲ್ಲ ಗಿಡಕ್ಕೂ ಬೇಕಿಲ್ಲ. ಸಿಂದಿ, ವಾಷಿಂಗ್ಟೋನಿಯಾಗೆ ಮುಚ್ಚುವುದು ದಂಡ. ಎರಡು ವರ್ಷದೊಳಗಿನ ಫಾಕ್ಸ್‌ಟೇಲ್, ಅರೆಕಾ, ತೆಂಗಿನ ಸಸಿಗೆ ಈಶಾನ್ಯ ದಿಕ್ಕಿನಲ್ಲಿ ತೊಗರಿ ಕಟ್ಟಿಗೆಯ ಅಥವಾ ಜೋಳದ ಕಣಿಕೆಯ ತಟ್ಟಿ ನಿಲ್ಲಿಸಿದರೆ ಮುಕ್ಕಾಲು ಕೆಲಸ ಆಯಿತು. 8 ಡಿಗ್ರಿಗಿಂತ ಕೆಳಗೆ ಹೋಗುವ ಮುನ್ಸೂಚನೆ ಇದ್ದ ರಾತ್ರಿ ನಾಲ್ಕು ಗೂಟದ ಮೇಲೆ ಗೋಣಿ ತಟ್ಟು ಹೊದಿಸಿ, ಕೆಳಗೆ ಒಂದಡಿ ತೆರೆದಿಟ್ಟು, ಬಿಸಿಲೇರಿದ ಮೇಲೆ ತೆಗೆಯುತ್ತೇನೆ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದ ಕಡೆ ಬೆವರು ನಿಂತು ಕಲೆ ಬೀಳುತ್ತದೆ, ಬೆಳಗ್ಗೆ ತೆಗೆಯುವುದು ತಡವಾದರೆ ಒಳಗೆ ಬೇಯುತ್ತದೆ.

ಜನವರಿ ಕೊನೆಗೆ ರಾಯಲ್ ಪಾಮ್, ತೆಂಗಿನ ಹೊಸ ಎಲೆಯನ್ನು ಹತ್ತಿರದಿಂದ ನೋಡಿ. ಗರಿಗಳು ಮೋಟಾಗಿ, ಬುಡದ ಕಡೆಯ ಗರಿ ಒಣಗಿ, ಸುಟ್ಟ ಕೂದಲಿನ ಹಾಗೆ ಮುದುಡಿ ಬಂದರೆ ಅದು ಮ್ಯಾಂಗನೀಸ್ ಕೊರತೆ. ಸುಣ್ಣದಂಶದ ಎರೆಮಣ್ಣಿನಲ್ಲಿ ಮ್ಯಾಂಗನೀಸ್ ಇದ್ದರೂ ಬೇರಿಗೆ ಸಿಗದು, ಮೇಲೆ ಮಣ್ಣು ತಣ್ಣಗಾದರೆ ಕೇಳುವುದೇ ಬೇಡ. ಸುಣ್ಣಗಲ್ಲಿನ ನೆಲವಾದ ಸೇಡಂ, ಚಿತ್ತಾಪುರ ಕಡೆ ಇದು ಹೆಚ್ಚು. ಲೀಟರ್ ನೀರಿಗೆ 3 ಗ್ರಾಂ ಮ್ಯಾಂಗನೀಸ್ ಸಲ್ಫೇಟ್, ಅಂಟಿಗೆ ಸ್ವಲ್ಪ ಸೋಪಿನ ನೀರು ಸೇರಿಸಿ ಬಿಸಿಲೇರಿದ ಮೇಲೆ ಬೇಗ ಒಣಗುವ ಹೊತ್ತಿನಲ್ಲಿ ಬಿಚ್ಚಿದ ಎಲೆಗೆ ಸಿಂಪಡಿಸಿ, 20 ದಿನ ಬಿಟ್ಟು ಇನ್ನೊಮ್ಮೆ. ಮುದುಡಿದ ಎಲೆ ಸರಿಯಾಗುವುದಿಲ್ಲ, ಮುಂದೆ ಬರುವುದು ಸರಿಯಿರುತ್ತದೆ. ಗರಿಯ ತುದಿ ಕೊಕ್ಕೆಯಂತೆ ಬಾಗಿದ್ದರೆ ಅದು ಬೋರಾನ್ ಕೊರತೆ, ದೊಡ್ಡ ಗಿಡಕ್ಕೆ 50 ಗ್ರಾಂ ಬೋರಾಕ್ಸ್ ವರ್ಷಕ್ಕೊಮ್ಮೆ, ಹೆಚ್ಚಾದರೆ ವಿಷ. ಎಳೆ ಎಲೆ ಪೂರಾ ಬಿಳಿಹಳದಿಯಾದರೆ ಕಬ್ಬಿಣದ ಕೊರತೆ, ನಮ್ಮ ಕ್ಷಾರ ಮಣ್ಣಿಗೆ ಇ.ಡಿ.ಡಿ.ಎಚ್.ಎ. ರೂಪದ ಕಬ್ಬಿಣದ ಗೊಬ್ಬರವೇ (ಕಬ್ಬಿಣ ಬೇರಿಗೆ ಸಿಗುವ ಹಾಗೆ ಹಿಡಿದಿಡುವ ಬಗೆ) ಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ ಇ.ಡಿ.ಟಿ.ಎ. ಈ ಮಣ್ಣಿನಲ್ಲಿ ನಿಲ್ಲುವುದಿಲ್ಲ.

ಸುಳಿ ಕೊಳೆಯನ್ನು ಮಾತ್ರ ತಡಮಾಡದೆ ಹಿಡಿಯಬೇಕು, ಒಂಟಿ ಕಾಂಡದ ಪಾಮ್‌ಗೆ ಇರುವುದು ಒಂದೇ ಸುಳಿ. ಸಂಶಯ ಬಂದರೆ ನಡುವಿನ ಬಿಚ್ಚದ ಸುಳಿಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಎಳೆದು ನೋಡಿ. ಕೈಗೆ ಬಂದು, ಬುಡ ಕಂದಾಗಿ ವಾಸನೆ ಹೊಡೆದರೆ ಕೊಳೆ. ಬಟ್ಟೆಯಿಂದ ಒಳಗಿನ ಲೋಳೆ ಒರೆಸಿ, ಲೀಟರ್‌ಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ ಸುಳಿಯೊಳಗೆ ಸುರಿದು, ಮಳೆ, ಇಬ್ಬನಿ ಬೀಳದಂತೆ ಮೇಲೆ ಸಣ್ಣ ಮಾಡು ಕಟ್ಟಿ. ಹದಿನೈದು ದಿನಕ್ಕೆ ಇನ್ನೊಮ್ಮೆ, ಅಷ್ಟೇ. ತಾಮ್ರ ಪದೇ ಪದೇ ಸುರಿದರೆ ಅದೇ ಸುಳಿಗೆ ಕುತ್ತು. ಆಮೇಲೆ ಕಾಯಬೇಕು, ಮೇ ಜೂನ್‌ವರೆಗೂ ಕಡಿಯುವ ಮಾತು ಬೇಡ. ಸುಳಿ ಕೈಗೆ ಬರದೆ ಸುಮ್ಮನೆ ನಿಂತಿದ್ದರೆ ಮಾರ್ಕರ್ ಪೆನ್ನಿನಿಂದ ಸುಳಿ ಮತ್ತು ಪಕ್ಕದ ಎಲೆದಂಟಿನ ಮೇಲೆ ಒಂದೇ ನೇರಕ್ಕೆ ಗೆರೆ ಎಳೆಯಿರಿ. ಫೆಬ್ರುವರಿಯಲ್ಲಿ ಸುಳಿಯ ಗೆರೆ ದಂಟಿನ ಗೆರೆಗಿಂತ ಮೇಲೇರಿದ್ದರೆ ಗಿಡ ಬದುಕಿದೆ.

ಎಲೆಯಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ವಿ ಆಕಾರದ ಕಿಂಡಿ ಕಂಡರೆ ಕೊಂಬಿನ ದುಂಬಿ. ಅದು ಹುಟ್ಟುವುದು ತಿಪ್ಪೆಯಲ್ಲಿ, ಹಾಗಾಗಿ ತಿಪ್ಪೆ ಪಾಮ್ ಸಾಲಿನಿಂದ ದೂರ ಇರಲಿ. ಸುಳಿಯ ಹತ್ತಿರದ ಎಲೆಕಂಕುಳಲ್ಲಿ ಮೂರು ನುಸಿಗುಳಿಗೆ ಇಟ್ಟು ಉಸುಕು ಮುಚ್ಚಿದರೆ ಸಾಕು.

ಸಿಂದಿ ಬೀಜದಿಂದ ಬೆಳೆಸುವವರಿಗೆ ಒಂದು ಮಾತು. ಹಣ್ಣಿನ ತಿರುಳು ತೊಳೆದು, ಮೂರು ದಿನ ನೆನೆಸಿ, ದಿನವೂ ನೀರು ಬದಲಿಸಿ, ಬಿತ್ತಿ. ಮೊಳಕೆ ಮೊದಲು ಕೆಳಗೆ ಇಳಿಯುತ್ತದೆ, ಎಲೆ ಬೀಜದಿಂದ ಆಚೆ ಎದ್ದು ಬರುತ್ತದೆ. ಆದ್ದರಿಂದ ಚೀಲ ಅಗಲಕ್ಕಿಂತ ಆಳವಿರಬೇಕು, 10 ಇಂಚಿಗೆ ಕಡಿಮೆ ಬೇಡ. ಮೊಳೆಯಲು ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಬಂದಿಲ್ಲವೆಂದು ಕೆದಕಿ ನೋಡಿದರೆ ಆ ಕೆಳಗಿಳಿದ ಮೊಳಕೆಯೇ ಮುರಿಯುತ್ತದೆ.