ಅಕ್ಕಿ ಮೂಟೆ ಎಷ್ಟು?

‘ಅಕ್ಕಿ ಮೂಟೆ ಎಷ್ಟು ಸ್ವಾಮಿ?’

ಬೆಂಗಳೂರಿನ ಚಿತ್ರಸಂತೆಯಲ್ಲಿ ನನ್ನ ಚಿತ್ರಗಳಿಗೆ ಸಿಕ್ಕ ಮೊದಲ ಮಾತು ಇದು. ಜನವರಿಯ ಭಾನುವಾರ, ಕುಮಾರಕೃಪಾ ರಸ್ತೆ ತುಂಬ ಜನ. ಯಶವಂತಪುರದ ಮಾರುಕಟ್ಟೆ ಯಾರ್ಡಿನಿಂದ ಹಳೇ ಗೋಣಿಚೀಲ ತಂದು, ಹೊಲಿಗೆ ಬಿಚ್ಚಿ, ಅದರ ಮೇಲೆ ಗಾಂಧಿ ಬಜಾರಿನ ಹೂವಿನ ಸಾಲು, ಅವರೆಕಾಯಿ ರಾಶಿ ಬರೆದಿದ್ದೆ. ಯಾರೋ ಹುಡುಗ ಹಾಗೆ ಕೇಳಿದ್ದೇ ತಡ, ಸುತ್ತ ಇದ್ದವರೆಲ್ಲ ನಕ್ಕರು. ಸಂಜೆವರೆಗೂ ಅದೇ ಮಾತು ಬಾಯಿಂದ ಬಾಯಿಗೆ ಹೋಯಿತು. ಒಂದು ಚಿತ್ರವೂ ಹೋಗಲಿಲ್ಲ. ಚಿತ್ರ ಹೊರಲು ಬಂದಿದ್ದ ಭಾವನೂ ಆಟೋದಲ್ಲಿ ಮುಖ ಆಚೆ ತಿರುಗಿಸಿಕೊಂಡು ನಗುತ್ತಿದ್ದರು. ಅದು ಜಾಸ್ತಿ ನೋಯಿಸಿತು.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು, ಕಿವಿಗೆ ಬಿದ್ದ ಮಾತನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಬರೆದ ಮೇಲೆ ಗೊತ್ತಾಯಿತು, ಹೆಚ್ಚಿನವು ಚಿತ್ರದ ಬಗ್ಗೆ ಅಲ್ಲವೇ ಅಲ್ಲ. ಗೋಣಿ ಅಂದರೆ ಉಗ್ರಾಣದಲ್ಲಿರಬೇಕು ಅಲ್ವಾ, ಗೋಡೆ ಮೇಲೆ ಯಾಕೆ ಅನ್ನೋ ನಗು. ಆದರೆ ಒಬ್ಬ ಹೆಂಗಸು ನಗುತ್ತಲೇ ಬೆರಳಾಡಿಸಿ, ‘ನೋಡ್ರೀ, ಬಣ್ಣ ಕೈಗೇ ಬರುತ್ತೆ’ ಅಂದಿದ್ದರು. ಅದು ನಿಜ. ಸೆಣಬಿನ ಎಳೆ ಒರಟು, ನಡುವೆ ಸಂದು. ಬಣ್ಣ ಕೂರದೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು.

ಆಗ ಕಂಬಳಿ ನೆನಪಾಯಿತು. ನಮ್ಮೂರಲ್ಲಿ ಕಂಬಳಿ ನೇಯುವವರು ಹುಣಸೆ ಬೀಜದ ಸರಿ, ಅಂದರೆ ಅಂಟಿನ ಗಂಜಿ, ಹಚ್ಚುತ್ತಿದ್ದರು. ನಾನೂ ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿಯೆಲ್ಲ ನೆನೆಸಿ, ರುಬ್ಬಿ, ತಳ ಹಿಡಿಯದ ಹಾಗೆ ಕುದಿಸಿದೆ. ಮೊದಲ ಸಲ ನೀರು ನೀರಾಯಿತು. ಎರಡನೇ ಸಲ ತೀರಾ ಗಟ್ಟಿಯಾಗಿ, ಒಣಗಿದ ಮೇಲೆ ಬಿರುಕು ಬಿಟ್ಟಿತು. ಕೊನೆಗೆ ದೋಸೆ ಹಿಟ್ಟಿಗಿಂತ ತುಸು ತೆಳ್ಳಗೆ ಮಾಡಿ ಎರಡು ಸಲ ಬಳಿದೆ. ಮೂರನೇ ಸಲ ಸೀಮೆಸುಣ್ಣದ ಪುಡಿ ಬೆರೆಸಿದೆ. ಬಣ್ಣ ಕಚ್ಚಿಕೊಂಡು ಕೂತಿತು.

ಅದೇ ದಿನಗಳಲ್ಲಿ 1874ರ ಪ್ಯಾರಿಸ್ ಪ್ರದರ್ಶನದ ಬಗ್ಗೆ ಓದಿದೆ. ಮೋನೆ ಬರೆದ ಬೆಳಗಿನ ಬಂದರಿನ ಚಿತ್ರ ನೋಡಿ ಲೂಯಿ ಲರ್ವಾ ಎಂಬ ಪತ್ರಕರ್ತ, ಗೋಡೆಗೆ ಅಂಟಿಸುವ ಕಾಗದವೇ ಇದಕ್ಕಿಂತ ವಾಸಿ ಅನ್ನುವ ಹಾಗೆ ಬರೆದ. ‘ಇಂಪ್ರೆಷನ್, ಸನ್‌ರೈಸ್’ ಎಂಬ ಆ ಚಿತ್ರದ ಹೆಸರನ್ನೇ ಹಿಡಿದು, ಅಲ್ಲಿ ಚಿತ್ರ ಇಟ್ಟವರನ್ನು ‘ಇಂಪ್ರೆಷನಿಸ್ಟರು’ ಎಂದು ಆಡಿಕೊಂಡ. 1877ರ ಪ್ರದರ್ಶನದ ಹೊತ್ತಿಗೆ ಆ ಹೆಸರನ್ನು ಅವರೇ ತಮಗೆ ಇಟ್ಟುಕೊಂಡಿದ್ದರು. ಎಂಥ ಧೈರ್ಯ!

ಮುಂದಿನ ಸಂತೆಗೆ ದೊಡ್ಡದಾಗಿ ಬೋರ್ಡ್ ಬರೆದೆ: ‘ಅಕ್ಕಿ ಮೂಟೆ ಚಿತ್ರಗಳು’. ಆ ವರ್ಷವೂ ನಕ್ಕರು. ಆದರೆ ನಕ್ಕವರು ಸುಮ್ನೆ ಮುಂದೆ ಹೋಗಲಿಲ್ಲ, ನಿಂತು ನೋಡಿದರು. ಮೂರು ಚಿತ್ರ ಹೋದವು.

ಮಧ್ಯಾಹ್ನ ಒಬ್ಬ ಹಿರಿಯರು ಬಂದರು. ಯಾರ್ಡಿನಲ್ಲಿ ಹಮಾಲಿ ಮಾಡಿದವರಂತೆ. ಚಿತ್ರದ ಆಕಾಶದಲ್ಲಿ ನಾನು ತೇಪೆ ಹಾಕಿ ಬಣ್ಣ ಬಳಿದಿದ್ದ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿದರು.

‘ಇದು ಕೊಕ್ಕೆ ಹಾಕಿ ಎಳೆದ ತೂತು ಕಣಪ್ಪ. ಯಾಕೆ ಮುಚ್ಚಿದ್ದೀಯ?’

ಈಗ ಯಾರ್ಡಿಗೆ ಹೋದರೆ ಕೊಕ್ಕೆಯ ತೂತಿರುವ ಚೀಲಗಳನ್ನೇ ಹುಡುಕಿ ತರುತ್ತೇನೆ.