ತುಡುವೆ ಜೇನನ್ನು ಪೆಟ್ಟಿಗೆಯಲ್ಲಿ ಉಳಿಸಿಕೊಳ್ಳುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಜೇನುಪೆಟ್ಟಿಗೆ ಇಡಲು ಹೊರಟವರು ಮೊದಲು ಕೇಳುವುದು ಪೆಟ್ಟಿಗೆಗೆ ಎಷ್ಟು ಜೇನುತುಪ್ಪ ಸಿಗುತ್ತದೆ ಎಂದು. ಹಿಂಡು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನು ತಿಂದು ಬದುಕುತ್ತದೆ ಎಂದು ಕೇಳಿಕೊಂಡು ಆರಂಭಿಸಿದವರ ಪೆಟ್ಟಿಗೆ ಮಾತ್ರ ಎರಡನೆಯ ವರ್ಷವೂ ತುಂಬಿರುತ್ತದೆ. ತುಡುವೆ ಹಸುವಿನ ಹಾಗೆ ಕೊಟ್ಟಿಗೆಗೆ ಒಗ್ಗಿದ ಪ್ರಾಣಿಯಲ್ಲ. ಅದು ಇಂದಿಗೂ ಕಾಡಿನದ್ದೇ, ಪೆಟ್ಟಿಗೆ ಸರಿಬಾರದಿದ್ದರೆ ರಾಣಿಯ ಸಮೇತ ಎದ್ದು ಹೋಗುತ್ತದೆ.

ನಮ್ಮಲ್ಲಿ ಕಾಣುವ ಜೇನುಗಳಲ್ಲಿ ಹೆಜ್ಜೇನು ಮತ್ತು ಕೋಲುಜೇನು ಬಯಲಿನಲ್ಲಿ ಒಂದೇ ಎರಿ (ಮೇಣದ ತಟ್ಟಿ) ಕಟ್ಟುವುದರಿಂದ ಪೆಟ್ಟಿಗೆಗೆ ಬರುವುದಿಲ್ಲ. ಕುಟುಕದ ಪುಟ್ಟ ಜೇನಾದ ಮಿಸರಿಯನ್ನು ಮಡಕೆಯಲ್ಲಿಯೂ ಬಿದಿರಿನ ಅಂಡೆಯಲ್ಲಿಯೂ ಸಾಕಬಹುದು, ಅದರ ಕ್ರಮವೇ ಬೇರೆ. ಕತ್ತಲೆಯ ಪೊಟರೆ, ಹುತ್ತ, ಗೋಡೆಯ ಸಂದುಗಳಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆಯೇ ಚೌಕಟ್ಟಿನ ಪೆಟ್ಟಿಗೆಗೆ ಹೊಂದುವ ನಾಡಜೇನು. ಇದಕ್ಕೆ ಕೆಳಗೆ ಸಂಸಾರದ ಕೋಣೆ, ಮೇಲೆ ತುಪ್ಪದ ಕೋಣೆ ಇರುವ, ತುಡುವೆಯ ಅಳತೆಗೆ ಮಾಡಿದ ಪೆಟ್ಟಿಗೆಯೇ ಬೇಕು. ಎರಿಗಳ ನಡುವಿನ ಸಂದು ಹೆಚ್ಚುಕಡಿಮೆಯಾದರೆ ಜೇನುನೊಣಗಳು ಅಡ್ಡಾದಿಡ್ಡಿ ಎರಿ ಕಟ್ಟುತ್ತವೆ, ಆಮೇಲೆ ಚೌಕಟ್ಟು ಎತ್ತಿದಾಗಲೆಲ್ಲ ಮರಿ ಸಾಯುತ್ತದೆ. ತೋಟಗಾರಿಕೆ ಇಲಾಖೆಯ ಸಹಾಯಧನದಲ್ಲಿ ಪೆಟ್ಟಿಗೆ ಪಡೆಯುವವರೂ ಈ ಒಂದು ಅಳತೆಯನ್ನು ನೋಡಿಯೇ ತೆಗೆದುಕೊಳ್ಳಬೇಕು.

ಹಿಂಡನ್ನು ಕೊಳ್ಳಬಹುದು, ಇಲ್ಲವೇ ತಮ್ಮದೇ ಜಮೀನಿನ ಹುತ್ತ ಅಥವಾ ಗೋಡೆಯಿಂದ ಹಿಡಿಯಬಹುದು. ಅರಣ್ಯದ ಮರಕ್ಕೆ ಕೊಡಲಿ ಹಾಕಿ ಹಿಂಡು ತೆಗೆಯುವುದು ಕಾನೂನಿಗೂ ವಿರುದ್ಧ, ವಿವೇಕಕ್ಕೂ ವಿರುದ್ಧ, ಏಕೆಂದರೆ ಒಮ್ಮೆ ಸೀಳಿದ ಪೊಟರೆಗೆ ಮತ್ತೆ ಯಾವ ಹಿಂಡೂ ಬರುವುದಿಲ್ಲ. ಹಿಡಿಯಲು ಮಳೆ ಹಿಂದೆ ಸರಿದ ಮೇಲಿನ ದಿನಗಳು, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಕಾಲ, ಸೂಕ್ತ. ಇಳಿಹೊತ್ತಿನಲ್ಲಿ ತೆಂಗಿನ ಸಿಪ್ಪೆಯ ಹೊಗೆಯನ್ನು ಎರಡು ಬಾರಿ ಮೆಲ್ಲಗೆ ಊದಿದರೆ ಸಾಕು. ಹೊಗೆ ಹೆಚ್ಚಾದರೆ ನೊಣ ಶಾಂತವಾಗುವ ಬದಲು ಗಾಬರಿಯಾಗಿ ಒಳಗೆ ನುಗ್ಗುತ್ತದೆ.

ಮರಿಯಿರುವ ಎರಿಗಳನ್ನು ಹರಿತವಾದ ಚಾಕುವಿನಿಂದ ಬುಡದಲ್ಲಿ ಕತ್ತರಿಸಿ, ಅಂಗೈ ಮೇಲೆ ಚಪ್ಪಟೆಯಾಗಿ ತೆಗೆದುಕೊಂಡು ಚೌಕಟ್ಟಿನೊಳಗೆ ಕೂರಿಸಿ ಬಾಳೆನಾರಿನಿಂದ ಕಟ್ಟಬೇಕು. ಎರಿಯ ಕಣ್ಣುಗಳು (ಕೋಶಗಳು) ತುಸು ಮೇಲ್ಮುಖವಾಗಿ ಓರೆಯಾಗಿರುವುದರಿಂದ ಮೇಲಿನ ಅಂಚು ಮೇಲೆಯೇ ಇರಬೇಕು, ತಲೆಕೆಳಗಾಗಿ ಕಟ್ಟಬಾರದು. ತುಪ್ಪವಿರುವ ತುಂಡುಗಳನ್ನು ಪೆಟ್ಟಿಗೆಗೆ ಹಾಕಬಾರದು, ಸೋರಿದ ತುಪ್ಪಕ್ಕೆ ರಾತ್ರಿ ಬೆಳಗಾಗುವುದರೊಳಗೆ ಇರುವೆ ಮುತ್ತುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಕೆಲಸ ರಾಣಿಯನ್ನು ಹುಡುಕುವುದು. ಉದ್ದನೆಯ ಕಪ್ಪುಗಂದು ಹೊಟ್ಟೆ, ಅದರ ಅರ್ಧವನ್ನಷ್ಟೇ ಮುಚ್ಚುವ ರೆಕ್ಕೆ, ಅವಸರವಿಲ್ಲದ ನಡಿಗೆ ಇವು ಅದರ ಗುರುತು. ರಾಣಿ ಪೆಟ್ಟಿಗೆ ಸೇರಿದರೆ ಉಳಿದವು ಹಿಂಬಾಲಿಸುತ್ತವೆ. ಅದು ಹೊರಟುಹೋಗದಂತೆ ಬಾಗಿಲಿಗೆ ರಾಣಿತಡೆಯನ್ನು ನಾಲ್ಕೈದು ದಿನ ಇಡುವುದು ಒಳ್ಳೆಯದು. ಅಷ್ಟರಲ್ಲಿ ನೊಣಗಳು ಎರಿಯನ್ನು ಮೇಣದಿಂದ ಚೌಕಟ್ಟಿಗೆ ಬೆಸೆದು, ಬೇಡವಾದ ಬಾಳೆನಾರನ್ನು ಎಳೆಎಳೆಯಾಗಿ ಕಡಿದು ಬಾಗಿಲ ಹೊರಗೆ ಎಳೆದುಹಾಕುತ್ತವೆ. ಅಡಿಮಣೆಯ ಮುಂದೆ ಆ ನಾರಿನ ತುಣುಕುಗಳು ಬಿದ್ದಿರುವುದನ್ನು ಕಂಡರೆ ಹಿಂಡು ಮನೆಯನ್ನು ಒಪ್ಪಿದೆ ಎಂದು ತಿಳಿಯಬಹುದು. ಹಿಡಿದ ಜಾಗದಿಂದ ಅಂಗಳದ ಮೂಲೆಗೆ ಒಂದೇ ದಿನದಲ್ಲಿ ಸಾಗಿಸಿದರೆ ಮೇಯಲು ಹೋದ ನೊಣಗಳು ಹಳೆಯ ಜಾಗಕ್ಕೇ ಮರಳಿ ಸಾಯುತ್ತವೆ. ಆದ್ದರಿಂದ ದಿನಕ್ಕೆ ಒಂದೆರಡು ಅಡಿ ಸರಿಸುತ್ತ ಹೋಗಬೇಕು, ಇಲ್ಲವೇ ರಾತ್ರಿ ಮೂರು ಕಿಲೋಮೀಟರಿಗಿಂತ ದೂರ ಒಯ್ಯಬೇಕು.

ಪೆಟ್ಟಿಗೆಗೆ ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ನೆರಳಿರುವ ಜಾಗ ಬೇಕು. ಕಂಬದ ಬುಡಕ್ಕೆ ನೀರಿನ ಬಟ್ಟಲು ಕಟ್ಟಿ ಇರುವೆಯನ್ನು ತಡೆಯಬೇಕು.

ಹಿಂಡನ್ನು ಮುಚ್ಚಳ ತೆಗೆಯದೆಯೇ ಓದಲು ಕಲಿಯುವುದು ಸಾಕಣೆಯ ಅರ್ಧ ವಿದ್ಯೆ. ಬೆಳಿಗ್ಗೆ ಬಾಗಿಲ ಪಕ್ಕದಲ್ಲಿ, ಹಾರಾಟದ ದಾರಿಗೆ ಅಡ್ಡವಾಗದಂತೆ, ಹತ್ತು ನಿಮಿಷ ಕುಳಿತರೆ ಹಿಂಗಾಲಿನಲ್ಲಿ ಪರಾಗದ ಉಂಡೆ ಹೊತ್ತು ಬರುವ ನೊಣಗಳು ಕಾಣುತ್ತವೆ. ಪರಾಗ ಬರುತ್ತಿದ್ದರೆ ಒಳಗೆ ಸಾಮಾನ್ಯವಾಗಿ ಮರಿ ಇದೆ, ಮರಿ ಇದ್ದರೆ ರಾಣಿ ಇದೆ. ಪರಾಗ ನಿಂತು, ಬಾಗಿಲಲ್ಲಿ ಸುಮ್ಮನೆ ಸುಳಿದಾಟವಷ್ಟೇ ಉಳಿದಿದ್ದರೆ ಹಿಂಡು ಹೊರಡುವ ಸಿದ್ಧತೆಯಲ್ಲಿರಬಹುದು. ಹೂವಿನ ದಿಕ್ಕು ಮತ್ತು ದೂರವನ್ನು ನೊಣ ಕುಣಿದು ತಿಳಿಸುತ್ತದೆ ಎಂಬುದನ್ನು ಬಿಡಿಸಿ ತೋರಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ನಮ್ಮ ತುಡುವೆಯೂ ಕತ್ತಲೆಯ ಎರಿಯ ಮೇಲೆ ಅದೇ ಕುಣಿತ ಕುಣಿಯುತ್ತದೆ. ಚೌಕಟ್ಟು ಎತ್ತಿದಾಗ ಒಂದು ನೊಣ ಹೊಟ್ಟೆ ಅಲುಗಿಸುತ್ತ ಎಂಟಂಕಿಯ ಆಕಾರದಲ್ಲಿ ಓಡುತ್ತಿದ್ದರೆ ಅವಸರ ಮಾಡದೆ ಅದನ್ನು ನೋಡಬೇಕು. ಯಾವ ದಿನ ಯಾವ ಬಣ್ಣದ ಪರಾಗ ಬಂತು, ಆಗ ಊರಿನಲ್ಲಿ ಯಾವ ಮರ ಹೂ ಬಿಟ್ಟಿತ್ತು ಎಂದು ಬರೆದಿಡುವವರಿಗೆ ಒಂದೆರಡು ವರ್ಷದಲ್ಲಿ ತಮ್ಮ ತೋಟದ್ದೇ ಪಂಚಾಂಗ ಸಿದ್ಧವಾಗುತ್ತದೆ, ಅದು ಯಾವ ಕೈಪಿಡಿಯಲ್ಲಿಯೂ ಸಿಗದು.

ಮಳೆ ಮುಗಿದ ಮೇಲೆ ಹಿಂಡು ಬೆಳೆದು ಪಾಲಾಗಲು, ಅಂದರೆ ಎರಡು ಹಿಂಡಾಗಿ ಒಡೆಯಲು, ಹೊರಡುತ್ತದೆ. ಮೊದಲು ಗಂಡು ನೊಣದ ಕೋಶಗಳು ಕಾಣುತ್ತವೆ. ಅವುಗಳ ಮುಚ್ಚಳ ಉಬ್ಬಿದ್ದು, ನೆತ್ತಿಯಲ್ಲಿ ಅತಿ ಸಣ್ಣ ರಂಧ್ರವಿರುವುದು ತುಡುವೆಯ ವಿಶೇಷ. ಆಮೇಲೆ ಎರಿಯ ಕೆಳ ಅಂಚಿನಲ್ಲಿ ಶೇಂಗಾಕಾಯಿ ನೇತುಬಿದ್ದಂತೆ ರಾಣಿಯ ಕೋಶ ಬರುತ್ತದೆ. ಆಗ ಬಲಿತ ರಾಣಿಕೋಶವಿರುವ ಎರಿಯ ಜೊತೆ ಮೂರು ನಾಲ್ಕು ಎರಿಗಳನ್ನು ನೊಣ ಸಮೇತ ಬೇರೆ ಪೆಟ್ಟಿಗೆಗೆ ಇಟ್ಟು ಕೃತಕವಾಗಿ ಪಾಲು ಮಾಡಬಹುದು. ಎಲ್ಲ ರಾಣಿಕೋಶವನ್ನೂ ಚಿವುಟಿ ಹಾಕಿ ಹಿಂಡನ್ನು ತಡೆಯುವವರಿದ್ದಾರೆ. ಅದಕ್ಕಿಂತ ಪಾಲು ಮಾಡಿ ನೆರೆಯವರಿಗೆ ಒಂದು ಪೆಟ್ಟಿಗೆ ಕೊಡುವುದು ಮೇಲು.

ಫೆಬ್ರುವರಿಯಿಂದ ಮೇವರೆಗೆ ನೇರಳೆ, ಮತ್ತಿ ಮುಂತಾದ ಮರಗಳು ಸರದಿಯಲ್ಲಿ ಹೂ ಬಿಡುವಾಗ ತುಪ್ಪ ಏರುತ್ತದೆ. ಮೇಲಿನ ಕೋಣೆಯ ಎರಿಗಳಲ್ಲಿ ಮುಕ್ಕಾಲು ಪಾಲು ಕಣ್ಣಿಗೆ ಮೇಣದ ಮುಚ್ಚಳ ಬಿದ್ದ ಮೇಲಷ್ಟೇ ತೆಗೆಯಬೇಕು, ಮುಚ್ಚದ ತುಪ್ಪದಲ್ಲಿ ನೀರಿನಂಶ ಹೆಚ್ಚಿದ್ದು ಬೇಗ ಹುಳಿಯುತ್ತದೆ. ತಿರುಗಿಸುವ ಯಂತ್ರದಲ್ಲಿ ತೆಗೆದು ಖಾಲಿ ಎರಿಯನ್ನು ನೊಣಕ್ಕೆ ಹಿಂದಿರುಗಿಸಿದರೆ ಮತ್ತೆ ಮೇಣ ಹುಟ್ಟಿಸುವ ಶ್ರಮ ಅದಕ್ಕೆ ತಪ್ಪುತ್ತದೆ. ಕೆಳಗಿನ ಸಂಸಾರದ ಕೋಣೆಯ ಎರಿಯನ್ನು ಹಿಂಡಿ ತುಪ್ಪ ತೆಗೆಯುವ ಹಳೆಯ ರೂಢಿಯಲ್ಲಿ ಮರಿಯ ರಸವೂ ತುಪ್ಪಕ್ಕೆ ಸೇರುತ್ತದೆ, ಹಿಂಡೂ ಹಾಳಾಗುತ್ತದೆ. ಅಲ್ಲಿಗೆ ಕೈ ಹಾಕಲೇಬಾರದು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಸಾಧ್ಯತೆಯಿರುವುದರಿಂದ ಎಷ್ಟೇ ಶುದ್ಧ ತುಪ್ಪವಾದರೂ ಅದನ್ನು ಕೊಡಬಾರದು.

ಕೆಲಸ ಮಾಡುವಾಗ ನೊಣ ಕುಟುಕಿದರೆ ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಬೇಕು. ಮುಳ್ಳಿನ ಜೊತೆ ಹೊರಬೀಳುವ ಎಚ್ಚರಿಕೆಯ ವಾಸನೆ ಮಾಗಿದ ಬಾಳೆಹಣ್ಣಿನ ವಾಸನೆಗೆ ಹೋಲುತ್ತದೆ, ಬಾಳೆಹಣ್ಣು ತಿಂದು ಪೆಟ್ಟಿಗೆ ತೆರೆಯಬಾರದು ಎನ್ನುವುದಕ್ಕೆ ಇದೇ ಕಾರಣ. ಮೈಯೆಲ್ಲ ದದ್ದು, ಉಸಿರಾಟದ ತೊಂದರೆ, ತಲೆಸುತ್ತು ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ದಕ್ಷಿಣ ಭಾರತದ ತುಡುವೆ ಹಿಂಡುಗಳಲ್ಲಿ ಬಹುಪಾಲನ್ನು ಅಳಿಸಿಹಾಕಿತು. ರೋಗ ತಗುಲಿದ ಮರಿ ಕೋಶದಲ್ಲಿ ತಲೆಯೆತ್ತಿ ಸತ್ತಿರುತ್ತದೆ, ಚಿಮುಟದಿಂದ ಎತ್ತಿದರೆ ನೀರು ತುಂಬಿದ ಚೀಲದಂತೆ ಬರುತ್ತದೆ. ವೈರಾಣುವಾದ್ದರಿಂದ ಆ್ಯಂಟಿಬಯೋಟಿಕ್ ಬೆರೆಸಿದ ಪಾಕ ಕೊಡುವುದು ವ್ಯರ್ಥ, ತುಪ್ಪಕ್ಕೂ ಕೆಡುಕು. ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆಯಿಡುವುದನ್ನು ತಡೆದು, ಸೋಂಕಿನ ಎರಿಗಳನ್ನು ಸುಟ್ಟು, ಪೆಟ್ಟಿಗೆಯಿಂದ ಪೆಟ್ಟಿಗೆಗೆ ಚೌಕಟ್ಟು ಬದಲಾಯಿಸುವುದನ್ನು ನಿಲ್ಲಿಸಬೇಕು. ಕೀಟನಾಶಕದ ಭಯವೂ ಇದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಿಂದ ಆಗುವ ಹಾನಿ ಕಡಿಮೆ. ಆದರೆ ಪಕ್ಕದ ತೋಟದವರು ಹೂವಿನ ಮೇಲೆ ಕೀಟನಾಶಕ ಹೊಡೆಯುವುದಾದರೆ ಸಂಜೆ ನೊಣ ಮರಳಿದ ಮೇಲೆ ಹೊಡೆಯುವಂತೆ ಮೊದಲೇ ಮಾತಾಡಿಕೊಳ್ಳಬೇಕು.

ಮುಂಗಾರಿನ ವಿಷಯಕ್ಕೆ ಬಂದರೆ, ಕಾರವಾರ, ಕುಮಟಾ, ಹೊನ್ನಾವರದ ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ ಮಳೆ ಹಿಡಿದರೆ ನೊಣ ದಿನಗಟ್ಟಲೆ ಹೊರಬರಲಾರದು, ಬಂದರೂ ನಾಚಿಕೆಮುಳ್ಳಿನಂಥ ಗಿಡದ ಪರಾಗವಲ್ಲದೆ ಹೆಚ್ಚೇನೂ ಸಿಗದು. ಮೇ ಕೊನೆಯಲ್ಲಿ ತುಪ್ಪ ತೆಗೆಯುವುದನ್ನು ನಿಲ್ಲಿಸಿ, ಕೆಳಗಿನ ಕೋಣೆಯ ತುಪ್ಪವನ್ನು ಪೂರ್ತಿ, ಮೇಲಿನದರಲ್ಲಿ ಕನಿಷ್ಠ ಎರಡು ಎರಿಯನ್ನು ಹಿಂಡಿಗೇ ಬಿಡಬೇಕು. ಎಲ್ಲವನ್ನೂ ಬಳಿದು ಸಕ್ಕರೆ ಪಾಕ ಕೊಟ್ಟರಾಯಿತು ಎನ್ನುವ ಲೆಕ್ಕಾಚಾರ ನನಗೆ ಸರಿಯೆನಿಸುವುದಿಲ್ಲ, ಪಾಕ ಹಸಿವಿನ ಕಾಲದ ಆಸರೆಯೇ ಹೊರತು ತುಪ್ಪಕ್ಕೆ ಬದಲಿಯಲ್ಲ. ಕೊಡಲೇಬೇಕಾದಾಗ ಸಮ ಪ್ರಮಾಣದ ಸಕ್ಕರೆ ಮತ್ತು ನೀರಿನ ಪಾಕವನ್ನು ಕತ್ತಲಾದ ಮೇಲೆ ಪೆಟ್ಟಿಗೆಯೊಳಗೇ ಇಡಬೇಕು, ಹಗಲಿನಲ್ಲಿ ಇಟ್ಟರೆ ಬೇರೆ ಹಿಂಡು ದೋಚಲು ಬರುತ್ತದೆ. ನೊಣ ಕಡಿಮೆಯಾಗಿ ಖಾಲಿ ಬಿದ್ದ ಎರಿಗಳಲ್ಲಿ ಮೇಣದ ಹುಳು ಸೇರುವುದರಿಂದ ಅಂಥವನ್ನು ತೆಗೆದು, ಉಳಿದ ಎರಿಗಳನ್ನು ನೊಣ ತುಂಬಿ ಮುಚ್ಚುವಷ್ಟಕ್ಕೆ ಒತ್ತಾಗಿ ಜೋಡಿಸಬೇಕು. ಮಾಡು ಸೋರದಂತೆ ತಗಡು ಹೊದಿಸಿ ಪೆಟ್ಟಿಗೆಯನ್ನು ಮುಂದಕ್ಕೆ ತುಸು ಬಾಗಿಸಿದರೆ ಒಳಗಿನ ಪಸೆ ಬಾಗಿಲಿನಿಂದ ಹರಿದುಹೋಗುತ್ತದೆ. ಮಳೆ ಸುರಿಯುವಾಗ ಕುತೂಹಲಕ್ಕೆ ಮುಚ್ಚಳ ತೆರೆಯಬಾರದು, ಮರಿಗೆ ಬೇಕಾದ ಬೆಚ್ಚಗೆಯನ್ನು ಮತ್ತೆ ತರಲು ಹಿಂಡು ಉಳಿದ ತುಪ್ಪವನ್ನೇ ಖರ್ಚು ಮಾಡಬೇಕಾಗುತ್ತದೆ. ಹೊಳವಾದ ದಿನ ಪೆಟ್ಟಿಗೆಯ ಹಿಂಬದಿಯನ್ನು ಕೈಯಿಂದ ಎತ್ತಿ ಭಾರ ನೋಡಿದರೆ ಒಳಗಿನ ದಾಸ್ತಾನು ತಿಳಿಯುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಹಿಂದೆ ಸರಿದು ಬಿಸಿಲು ಬಂದ ಮೇಲೆ ಕಪ್ಪಾದ ಹಳೆಯ ಎರಿಗಳನ್ನು ಕತ್ತರಿಸಿ ಮೇಣಕ್ಕೆ ಕರಗಿಸಿ, ಅಡಿಮಣೆಯನ್ನು ಒರೆಸಿ, ಖಾಲಿ ಚೌಕಟ್ಟುಗಳನ್ನು ಒಂದೊಂದಾಗಿ ಸೇರಿಸುತ್ತ ಬರಬೇಕು.